ಆ ಹಾಳೆಯಲ್ಲಿ ಇಲ್ಲದ ಹೆಸರುಗಳು

(ಕುಪ್ಪೇಲೂರಿನಲ್ಲಿ ನಡೆದ ಕುಟುಂಬ ಸಂಗಮವೊಂದರಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣದ ಬರಹ ರೂಪ)

 

2025ರ ಸೆಪ್ಟೆಂಬರ್ 22ರಿಂದ ನಮ್ಮ ರಾಜ್ಯದಲ್ಲಿ ಹಿಂದುಳಿದ ವರ್ಗಗಳ ಆಯೋಗವು ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ನಡೆಸಿದ್ದು ನಿಮಗೆಲ್ಲ ನೆನಪಿದೆ. ಶಾಲೆಯ ಶಿಕ್ಷಕರು ಮೊಬೈಲ್ ಹಿಡಿದುಕೊಂಡು ಮನೆಮನೆಗೆ ಬಂದರು. ಒಟ್ಟು 60 ಪ್ರಶ್ನೆಗಳು. ಆ ದಿನ ನಾನು ನನ್ನ ಮಗಳ ಮನೆಯಲ್ಲಿದ್ದೆ. ಎಂಜಿನಿಯರಿಂಗ್ ಓದುತ್ತಿರುವ ಮೊಮ್ಮಗ ಬಾಗಿಲಲ್ಲಿ ನಿಂತು ಪಟಪಟನೆ ಉತ್ತರಿಸುತ್ತಿದ್ದ. ಧರ್ಮ ಕೇಳಿದರು, ಹೇಳಿದ. ಮಾತೃಭಾಷೆ ಕೇಳಿದರು, ಸ್ವಲ್ಪ ತಡವರಿಸಿ ಹೇಳಿದ. ಉಪಜಾತಿ ಯಾವುದು, ಕುಲಕಸುಬು ಯಾವುದು ಎಂದಾಗ ಹುಡುಗನ ಮಾತು ನಿಂತಿತು. ಒಳಗೆ ತಿರುಗಿ, "ಅಜ್ಜಾ, ನಮ್ದು ಏನ್ ಕಸಬು ಇತ್ತು?" ಎಂದು ಕೂಗಿದ.

ಅವನು ಕೇಳಿದ್ದು ತಪ್ಪಲ್ಲ. ಇಪ್ಪತ್ತು ವರ್ಷ ಅವನನ್ನು ತೊಡೆಯ ಮೇಲೆ, ಹೆಗಲ ಮೇಲೆ ಕೂರಿಸಿಕೊಂಡು ಬೆಳೆಸಿದ ನಾನು ಒಂದು ದಿನವಾದರೂ ಅವನಿಗೆ ಅದನ್ನು ಹೇಳಿರಲಿಲ್ಲವೆಂಬುದು ತಪ್ಪು. ಸರಕಾರದ ಒಂದು ನಮೂನೆಯು ಬಂದು ಕೇಳುವವರೆಗೆ ನನ್ನ ಮುತ್ತಜ್ಜ ಯಾರೆಂಬುದು ನಮ್ಮ ಮನೆಯಲ್ಲಿ ಮಾತಿನ ವಿಷಯವೇ ಆಗಿರಲಿಲ್ಲ. ಈ ಪರಿಸ್ಥಿತಿ ನನ್ನ ಮನೆಯೊಂದರದ್ದೇ ಆಗಿದ್ದರೆ ನಾನಿಂದು ಇಲ್ಲಿ ನಿಂತು ಮಾತಾಡುವ ಅಗತ್ಯವಿರಲಿಲ್ಲ.

ನಾವು ಪಿಂಜಾರರು. ಹತ್ತಿ ಹಿಂಜುವವರು. ನನ್ನ ಅಜ್ಜ ಬಿಲ್ಲನ್ನು ಹೆಗಲಿಗೇರಿಸಿಕೊಂಡು ಹಲಗೇರಿ, ಮೆಡ್ಲೇರಿ, ತುಮ್ಮಿನಕಟ್ಟಿಯವರೆಗೂ ನಡೆದು ಹೋಗುತ್ತಿದ್ದರು. ಯಾರದೋ ಮನೆಯ ಪಡಸಾಲೆಯಲ್ಲಿ ಕುಳಿತು ಹಳೆಯ ಗಾದಿಯ ಗಂಟುಗಟ್ಟಿದ ಅರಳೆಯನ್ನು ಹಿಂಜಿ ಹೂವಿನಂತೆ ಹಗುರ ಮಾಡಿ, ಮತ್ತೆ ತುಂಬಿ ಹೊಲಿದು ಕೊಡುತ್ತಿದ್ದರು. ಸಂಜೆ ಮನೆಗೆ ಮರಳಿದಾಗ ಅವರ ಹುಬ್ಬು, ಗಡ್ಡ, ರೆಪ್ಪೆಗಳೆಲ್ಲ ಬೆಳ್ಳಗಾಗಿರುತ್ತಿದ್ದವು. ರಾತ್ರಿಯಿಡೀ ಕೆಮ್ಮುತ್ತಿದ್ದರು. ಆ ಕೆಮ್ಮಿಗೆ ಕಾರಣ ಹತ್ತಿಯ ಧೂಳು ಎಂಬುದು ನನಗೆ ತಿಳಿದದ್ದು ಅವರು ತೀರಿಕೊಂಡು ಬಹಳ ವರ್ಷಗಳಾದ ಮೇಲೆ. ಧಾರವಾಡ ಸೀಮೆಯ ಹತ್ತಿಯ ಇತಿಹಾಸವನ್ನು ಬರೆದವರು ಕಂಪೆನಿ ಸರಕಾರವು 1840ರ ದಶಕದಲ್ಲಿ ಇಲ್ಲಿಗೆ ತಂದ ಅಮೆರಿಕದ ಬೀಜದ ಕುರಿತು, ಜಿನ್‌ಗಳ ಕುರಿತು, ರೈಲಿನ ಕುರಿತು ಪುಟಗಟ್ಟಲೆ ಬರೆದಿದ್ದಾರೆ. ಅರಳೆಯನ್ನು ಹಿಂಜಿದವನ ಎದೆಯೊಳಗೆ ಏನು ಸೇರಿತು ಎಂಬುದು ಅವನ ಮನೆಯವರು ಹೇಳಿದರೆ ಮಾತ್ರ ಉಳಿಯುವ ಇತಿಹಾಸ.

ನಮ್ಮ ಮಕ್ಕಳನ್ನು ನಿಮ್ಮ ಪೂರ್ವಜರು ಯಾರು ಎಂದು ಕೇಳಿ ನೋಡಿ. ಹೇಳಿದರೆ ಟಿಪ್ಪು ಸುಲ್ತಾನರ ಹೆಸರು ಹೇಳುತ್ತಾರೆ, ಬಿಜಾಪುರದ ಆದಿಲಶಾಹಿಗಳ ಹೆಸರು ಹೇಳುತ್ತಾರೆ. ಹಾವೇರಿ ಜಿಲ್ಲೆಯವರಾದರೆ ಸವಣೂರಿನ ನವಾಬರನ್ನು ಸೇರಿಸಿಕೊಳ್ಳುತ್ತಾರೆ. ಸವಣೂರು ಸಂಸ್ಥಾನವು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಅದರ ಇತಿಹಾಸವನ್ನು ಅರಿಯಬೇಕಾದದ್ದೇ, ಬೇಡವೆನ್ನುವುದಿಲ್ಲ. ಆದರೆ ಅದು ನವಾಬರ ಮನೆತನದ ಇತಿಹಾಸ. ಆ ನವಾಬರ ಗಾದಿಯನ್ನು ಹಿಂಜಿದವರು, ಅವರ ಕುದುರೆಗೆ ಲಾಳ ಹೊಡೆದವರು, ಅವರ ಖಡ್ಗಕ್ಕೆ ಸಾಣೆ ಹಿಡಿದವರು ನಾವು. ನಮ್ಮನ್ನು ದೂಷಿಸುವವರು ನಮ್ಮ ಮೇಲೆ ಹೊರಿಸುವುದು ಸುಲ್ತಾನರ ಲೆಕ್ಕವನ್ನು; ನಾವೂ ಉತ್ತರ ಕೊಡುವ ಭರದಲ್ಲಿ ಸುಲ್ತಾನರ ವಕಾಲತ್ತನ್ನೇ ವಹಿಸುತ್ತೇವೆ. ಇಬ್ಬರ ನಡುವೆ ನಮ್ಮ ಅಜ್ಜ ಕಾಣೆಯಾಗುತ್ತಾನೆ.

ಈ ಕಡೆಯ ನಮ್ಮ ಅಡ್ಡಹೆಸರುಗಳನ್ನು ಒಮ್ಮೆ ಗಮನವಿಟ್ಟು ಕೇಳಿ. ನದಾಫ್ ಎಂದರೆ ಅರಬಿಯಲ್ಲಿ ಹತ್ತಿ ಹಿಂಜುವವನು. ನಾಲಬಂದ ಎಂದರೆ ಲಾಳ ಕಟ್ಟುವವನು. ಶಿಕಲಗಾರ, ಸಾಣೆ ಹಿಡಿಯುವವನು. ಅತ್ತಾರ, ಮನಿಯಾರ, ಬಾಗವಾನ, ದರ್ಜಿ: ಒಂದೊಂದೂ ಒಂದು ಅಂಗಡಿಯ ಫಲಕದಂತಿದೆ. ಹಾವೇರಿಯ ಹೆಸರಾಂತ ಏಲಕ್ಕಿ ಹಾರವನ್ನು ಇಂದಿಗೂ ಕಟ್ಟುತ್ತಿರುವವರು ಪಟವೇಗಾರ ಮನೆತನದವರು. ಕಸುಬು, ಹೆಸರು ಎರಡೂ ಕೂಡಿಯೇ ಉಳಿದಿರುವ ಅಪರೂಪದ ಉದಾಹರಣೆಯದು. ಇನ್ನು ಊರಿನ ಹೆಸರನ್ನು ಹೊತ್ತವರಿದ್ದಾರೆ. ಬಂಕಾಪುರ, ಸವಣೂರ, ಹಲಗೇರಿ, ಬ್ಯಾಡಗಿ. ಇದರಲ್ಲೊಂದು ಸ್ವಾರಸ್ಯವಿದೆ. ಹಲಗೇರಿಯಲ್ಲೇ ಇದ್ದವನನ್ನು ಯಾರೂ ಹಲಗೇರಿ ಎಂದು ಕರೆಯುವುದಿಲ್ಲ. ಊರು ಬಿಟ್ಟು ಹೊರಟವನಿಗೆ ಮಾತ್ರ ಆ ಊರಿನ ಹೆಸರು ಅಂಟಿಕೊಳ್ಳುತ್ತದೆ. ಆದ್ದರಿಂದ ಕುಪ್ಪೇಲೂರ ಎಂಬ ಅಡ್ಡಹೆಸರಿನವರು ನಿಮಗೆ ಹುಬ್ಬಳ್ಳಿಯಲ್ಲೋ ದಾವಣಗೆರೆಯಲ್ಲೋ ಸಿಕ್ಕರೆ, ಅವರ ಮನೆಯವರು ಯಾವುದೋ ಒಂದು ದಿನ ಗಂಟುಮೂಟೆ ಕಟ್ಟಿಕೊಂಡು ಇಲ್ಲಿಂದ ಹೊರಟಿದ್ದರೆಂದು ಅರ್ಥ. ಏಕೆ ಹೊರಟರು? ಬರವೇ, ಸಾಲವೇ, ಜಗಳವೇ? ಆ ಹೆಸರು ಅಷ್ಟನ್ನು ಹೇಳುವುದಿಲ್ಲ. ಅಷ್ಟನ್ನು ಹೇಳಬೇಕಾದವರು ಮನೆಯ ಹಿರಿಯರು.

ನಮ್ಮ ಸುತ್ತಲಿನ ಒಕ್ಕಲು ಮನೆತನಗಳಿಗೆ ಈ ವಿಷಯದಲ್ಲಿ ಒಂದು ಅನುಕೂಲವಿತ್ತು. ಅವರಿಗೆ ಹೆಳವರಿದ್ದರು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕುಳಿತು, ಗಂಟೆಯ ಸದ್ದು ಮಾಡುತ್ತ ಹೆಳವ ಬರುತ್ತಿದ್ದ. ಅಂಗಳದಲ್ಲಿ ನಿಂತು ಆ ಮನೆತನದ ಮೂಲಪುರುಷ ಯಾರು, ಯಾವ ಊರಿಂದ ಬಂದವರು, ಯಾರ ಹೊಟ್ಟೆಯಲ್ಲಿ ಯಾರು ಹುಟ್ಟಿದರು, ಯಾರು ಎಲ್ಲಿಗೆ ಒಡೆದು ಹೋದರು ಎಂಬುದನ್ನು ತಡೆಯಿಲ್ಲದೆ ಹೇಳುತ್ತಿದ್ದ. ಹೊಸದಾಗಿ ಹುಟ್ಟಿದ ಮಗುವಿನ ಹೆಸರನ್ನು ಕೇಳಿ ತನ್ನ ವಂಶಾವಳಿಗೆ ಸೇರಿಸಿಕೊಂಡು, ಕಾಳುಕಡಿ, ಬಟ್ಟೆ ಪಡೆದು ಹೋಗುತ್ತಿದ್ದ. ನೆರೆಮನೆಯ ಲಿಂಗಾಯತ ಗೌಡರ ಕಟ್ಟೆಯ ಮೇಲೆ ಕುಳಿತು ನಾನೂ ಅದನ್ನು ಬಾಯಿ ತೆರೆದು ಕೇಳಿದ್ದೇನೆ. ಹೆಳವ ನಮ್ಮ ಮನೆಗೆ ಬರುತ್ತಿರಲಿಲ್ಲ. ಮನೆಗೆ ಬಂದು ಅಜ್ಜಿಯ ಬಳಿ, "ನಮಗ್ಯಾಕ ಹೆಳವ ಇಲ್ಲ?" ಎಂದು ಕೇಳಿದ್ದು ನೆನಪಿದೆ. ಆಕೆ ನಕ್ಕು, "ನಾನ ಹೆಳವಿ ತಗೋ" ಎಂದಿದ್ದಳು.

ಅದು ನಗೆಮಾತಾಗಿರಲಿಲ್ಲ. ಶಬೇ ಬರಾತ್‌ನ ಸಂಜೆ ಮನೆಯಲ್ಲಿ ಫಾತಿಹಾ ಆಗುತ್ತಿತ್ತು. ಲೋಬಾನದ ಹೊಗೆ, ತಟ್ಟೆಯಲ್ಲಿ ಸಿಹಿ. ಓದುವವರು ಯಾರ ಹೆಸರಿಗೆ ಎಂದು ಕೇಳಿದಾಗ ಅಜ್ಜಿ ಪರದೆಯ ಆಚೆಯಿಂದ ಒಂದೊಂದೇ ಹೆಸರು ಹೇಳುತ್ತಿದ್ದಳು. ಗಂಡನ ಕಡೆಯವರು, ತವರಿನವರು, ಹೆಸರಿಡುವ ಮೊದಲೇ ತೀರಿಹೋದ ಎರಡು ಕೂಸುಗಳು ಕೂಡ. ಮಕ್ಕಳಾದ ನಮ್ಮ ಗಮನವೆಲ್ಲ ತಟ್ಟೆಯ ಮೇಲಿತ್ತು. ಆದರೂ ವರ್ಷಕ್ಕೊಮ್ಮೆ ಕೇಳಿ ಕೇಳಿ ಏಳೆಂಟು ಹೆಸರುಗಳು ಕಿವಿಯಲ್ಲಿ ಉಳಿದವು.

ಮುಂದೆ ನಾವು ಓದಿದೆವು, ಧರ್ಮದ ಮೂಲ ಬೋಧನೆಗಳನ್ನು ಅರಿತೆವು, ಈ ಆಚರಣೆಗೆ ಆಧಾರವಿಲ್ಲವೆಂದು ಬಿಟ್ಟೆವು. ಬಿಡಿಸಿದವರಲ್ಲಿ ನಾನೂ ಒಬ್ಬ. ಆ ನಿಲುವನ್ನು ನಾನಿಂದು ಬದಲಿಸಿಲ್ಲ. ಆದರೆ ಸುಧಾರಣೆಯ ಮಾತಾಡುವ ನಾವು ಒಂದು ಸತ್ಯವನ್ನು ಒಪ್ಪಿಕೊಳ್ಳಬೇಕು. ತಟ್ಟೆಯನ್ನು ಎತ್ತಿಟ್ಟಾಗ ಅದರೊಂದಿಗೆ ಆ ಹೆಸರುಗಳೂ ಹೋದವು. ಸತ್ತವರಿಗಾಗಿ ಪ್ರಾರ್ಥಿಸುವುದನ್ನು ಯಾರೂ ನಿಷೇಧಿಸಿರಲಿಲ್ಲ. ಗೋರಿಗಳನ್ನು ಸಂದರ್ಶಿಸಲು ಪ್ರವಾದಿ(ಸ)ರೇ ಅನುಮತಿಯಿತ್ತಿದ್ದಾರೆ. ಮಕ್ಕಳ ಕೈ ಹಿಡಿದು ಖಬರಸ್ಥಾನಕ್ಕೆ ಹೋಗಿ, ಇದು ನಿಮ್ಮ ಮುತ್ತಜ್ಜನದು, ಇವರು ಇಂಥವರಾಗಿದ್ದರು ಎಂದು ತೋರಿಸಿ ದುಆ ಮಾಡುವುದಕ್ಕೆ ಯಾವ ಅಡ್ಡಿಯಿತ್ತು? ನಾವು ಹಳೆಯದನ್ನು ತೆಗೆದ ಜಾಗದಲ್ಲಿ ಏನನ್ನೂ ಇಡಲಿಲ್ಲ.  ಆಮೇಲೆ ಯಾರೂ ಆ ಹೆಸರುಗಳನ್ನು ಕೇಳಲಿಲ್ಲ.

ವಂಶದ ಕುರಿತು ಮಾತಾಡುವುದೇ ಇಸ್ಲಾಮಿಗೆ ವಿರುದ್ಧವೆಂದು ಕೆಲವು ಯುವಕರು ನನ್ನೊಂದಿಗೆ ವಾದಿಸಿದ್ದಾರೆ. ಅವರ ಕಾಳಜಿ ಸರಿಯಾದದ್ದೇ. ಜನಾಂಗ, ಗೋತ್ರಗಳನ್ನು ಮಾಡಿರುವುದು ಪರಸ್ಪರ ಪರಿಚಯಕ್ಕಾಗಿ. ಅಲ್ಲಾಹನ ಬಳಿ ಅತ್ಯಂತ ಗೌರವಾರ್ಹನು ಅತ್ಯಂತ ಧರ್ಮನಿಷ್ಠನೇ ಎಂದು ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯವು ಸ್ಪಷ್ಟವಾಗಿ ಸಾರುತ್ತದೆ. ಆದರೆ ಪರಿಚಯವೇ ಬೇಡವೆಂದು ಅದು ಹೇಳಿಲ್ಲವಲ್ಲ. ಸಂಬಂಧಗಳನ್ನು ಜೋಡಿಸಿಕೊಳ್ಳುವಷ್ಟು ವಂಶದ ಅರಿವನ್ನು ಪಡೆಯಿರಿ ಎಂಬ ಆಶಯದ ಪ್ರವಾದಿ ವಚನವು ತಿರ್ಮಿದಿಯಲ್ಲಿದೆ. ಮೆರೆಯುವುದಕ್ಕೆ ವಂಶ ಬೇಡ, ಬೆರೆಯುವುದಕ್ಕೆ ಬೇಕು. ನಾವು ಮಾಡುತ್ತಿರುವುದು ಇದರ ತದ್ವಿರುದ್ಧ. ಸೋದರ ಸಂಬಂಧಿಗಳ ಮಕ್ಕಳು ದಾವಣಗೆರೆಯ ಒಂದೇ ಕಾಲೇಜಿನಲ್ಲಿ ಎರಡು ವರ್ಷ ಓದಿ, ಒಂದು ಮದುವೆಯ ಊಟದಲ್ಲಿ ಮೊದಲ ಬಾರಿ ಪರಸ್ಪರ ಪರಿಚಯವಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದೇ ವೇಳೆಯಲ್ಲಿ, ನಾಲ್ಕು ಕಾಸು ಕೂಡಿದೊಡನೆ ಕೆಲವರು ಪಿಂಜಾರ ಎಂಬುದನ್ನು ಅಳಿಸಿ ಶೇಖ್ ಎಂದು ಬರೆಸುತ್ತಾರೆ. ಇನ್ನೂ ಸ್ವಲ್ಪ ಅನುಕೂಲವಾದರೆ ಅರಬಸ್ಥಾನದಿಂದ ಹಡಗಿನಲ್ಲಿ ಬಂದ ಮೂಲಪುರುಷನೊಬ್ಬ ಸಿದ್ಧನಾಗುತ್ತಾನೆ! ತನ್ನದಲ್ಲದ ವಂಶವನ್ನು ತನ್ನದೆಂದು ಹೇಳಿಕೊಳ್ಳುವುದನ್ನು ಪ್ರವಾದಿ(ಸ)ರು ಎಷ್ಟು ಕಠಿಣವಾಗಿ ಖಂಡಿಸಿದ್ದಾರೆಂಬುದು ಇವರಿಗೆ ತಿಳಿಯದೇ?

ಕಸುಬಿನ ಬಗ್ಗೆ ನಾಚಿಕೆ ಏಕೆ? ಹನಫೀ ಕರ್ಮಶಾಸ್ತ್ರದ ಇಬ್ಬರು ದೊಡ್ಡ ವಿದ್ವಾಂಸರು ಜಗತ್ತಿಗೆ ಪರಿಚಿತರಾಗಿರುವುದು ಖಸ್ಸಾಫ್, ಜಸ್ಸಾಸ್ ಎಂಬ ಹೆಸರುಗಳಿಂದ. ಒಂದರ ಅರ್ಥ ಚಪ್ಪಲಿ ಹೊಲಿಯುವವನು, ಇನ್ನೊಂದರ ಅರ್ಥ ಗಾರೆ ಕೆಲಸದವನು. ಕ್ರಿ.ಶ. 922ರಲ್ಲಿ ಬಗ್ದಾದಿನಲ್ಲಿ ಮರಣದಂಡನೆಗೆ ಗುರಿಯಾದ ಮನ್ಸೂರ್ ಹಲ್ಲಾಜರ ಹೆಸರಿನಲ್ಲಿರುವ ಹಲ್ಲಾಜ್ ಎಂಬುದಕ್ಕೆ ಅರ್ಥ ಹತ್ತಿ ಹಿಂಜುವವನೆಂದೇ. ಕನ್ನಡದಲ್ಲಿ ಪ್ರೊ. ರಹಮತ್ ತರೀಕೆರೆಯವರು ತಮ್ಮ ಆತ್ಮಕಥೆಗೆ 'ಕುಲುಮೆ' ಎಂದು ಹೆಸರಿಟ್ಟರು. ಆ ಹೆಸರಿನಲ್ಲಿ ಅವರ ಮನೆಯ ಕಸುಬೂ ಇದೆ.

ವಂಶದ ಪ್ರಶ್ನೆಗೆ ನಮ್ಮ ಜಿಲ್ಲೆಯಲ್ಲೇ ಒಂದು ಸೊಗಸಾದ ಉತ್ತರ ಹುಟ್ಟಿದೆ. ಶಿಶುನಾಳ ಶರೀಫರು (1819–1889) ಬಾಲಕರಾಗಿದ್ದಾಗ ಕಳಸದ ಗೋವಿಂದಭಟ್ಟರು ಅವರನ್ನು ನಿನ್ನಪ್ಪ ಯಾರೆಂದು ಕೇಳಿದರಂತೆ. ನಿಮ್ಮಪ್ಪನೇ ನಮ್ಮಪ್ಪ ಎಂದು ಹುಡುಗ ಉತ್ತರಿಸಿದನಂತೆ. ಜನರ ಬಾಯಲ್ಲಿರುವ ಕಥೆಯಿದು. ಆದಿಯಲ್ಲಿ ಎಲ್ಲರ ತಂದೆ ಒಬ್ಬನೇ ಎಂಬ ಅರಿವು ಅದರಲ್ಲಿದೆ. ಆದರೆ ಗಮನಿಸಿ, ಶರೀಫರ ತಂದೆ ಇಮಾಮ ಸಾಹೇಬರು, ತಾಯಿ ಹಜ್ಜೂಮಾ ಎಂಬುದನ್ನೂ ಈ ನಾಡು ಮರೆತಿಲ್ಲ.

ತಾಯಿಯ ಹೆಸರು ಎಂದೆ. ಇಲ್ಲಿ ನಾನು ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಹೇಳಬೇಕಾಗಿದೆ. ವಾಸ್ತವದಲ್ಲಿ ಅದನ್ನು ಹೇಳಲೆಂದೇ ನಾನು ಈ ಆಹ್ವಾನವನ್ನು ಒಪ್ಪಿಕೊಂಡೆ.

1972ರಲ್ಲಿ ಅಜ್ಜ ತೀರಿಕೊಂಡರು. ಜೀವಮಾನವಿಡೀ ಹಿಂಜಿ ಕೂಡಿಸಿದ ಹಣದಿಂದ ಅವರು ಎಂಟು ಎಕರೆ ಹೊಲ ಮಾಡಿದ್ದರು. ಅಜ್ಜನಿಗಿಂತ ಮೊದಲೇ ಅಜ್ಜಿ ಹೋಗಿದ್ದಳು. ಉಳಿದವರು ಮೂವರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಖಾತೆ ಬದಲಿಸಲು ವಂಶಾವಳಿ ಬರೆದು ಕೊಡಬೇಕಾಗಿತ್ತು. ಮನೆಯಲ್ಲಿ ಅಕ್ಷರ ಬಲ್ಲವನು ನಾನೊಬ್ಬನೇ. ಹತ್ತನೆಯ ತರಗತಿ ಮುಗಿಸಿದ್ದ ಹುಡುಗ, ಅಕ್ಷರ ದುಂಡಗಿತ್ತು, ಅದರ ಹೆಮ್ಮೆಯೂ ಇತ್ತು. ತಂದೆ ಹೇಳುತ್ತ ಹೋದರು, ನಾನು ಬರೆದೆ. ಮೇಲೆ ಅಜ್ಜನ ಹೆಸರು, ಅದರ ಕೆಳಗೆ ಮೂರು ಗೆರೆ, ಮೂರು ಹೆಸರು. ಫುಪ್ಪುಗಳ ಹೆಸರು ಬರೆಯುವುದಿಲ್ಲವೇ ಎಂದು ನಾನು ಕೇಳಿದೆನೋ ಇಲ್ಲವೋ, ಇಂದಿಗೂ ನನಗೆ ಖಚಿತವಿಲ್ಲ. ಕೇಳಿದ್ದೆ ಎಂದು ನಂಬಲು ಮನಸ್ಸು ಬಯಸುತ್ತದೆ. ಹಾಳೆಯಲ್ಲಿ ಮಾತ್ರ ಮೂರೇ ಗೆರೆಗಳಿವೆ.

ಹಿರಿಯ ಫುಪ್ಪುವನ್ನು ಬ್ಯಾಡಗಿಗೆ ಕೊಟ್ಟಿತ್ತು. ಗಂಡ ತೀರಿಕೊಂಡ ಮೇಲೆ ಆಕೆ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತಿದ್ದಳು. ರಾತ್ರಿ ಬೆರಳುಗಳ ಉರಿ ತಾಳಲಾರದೆ ತಣ್ಣೀರಿನಲ್ಲಿ ಕೈ ಇಟ್ಟುಕೊಂಡು ಕೂಡುತ್ತಿದ್ದಳು. ಒಂದು ಈದ್‌ಗೆ ತವರಿಗೆ ಬಂದವಳು ಕಪಾಟಿನಲ್ಲಿದ್ದ ಕಾಗದಗಳನ್ನು ತೆಗೆದು ತೋರಿಸೆಂದಳು. ನಾನು ಆಗ ಶಿಕ್ಷಕನಾಗಿದ್ದೆ. ಆಕೆಗೆ ಓದು ಬರುತ್ತಿರಲಿಲ್ಲ. ಹಾಳೆಯ ಮೇಲೆ ಬೆರಳಿಟ್ಟು, "ಇದು ಅಪ್ಪನ ಹೆಸರೇನು? ಇದು ಅಣ್ಣನದ?" ಎಂದು ಒಂದೊಂದಾಗಿ ಕೇಳುತ್ತ ಕೆಳಗಿಳಿದಳು. ಕೊನೆಗೆ, "ಮಗಾ, ನನ್ನ ಹೆಸರು ಎಲ್ಲೈತಿ?" ಎಂದಳು.

ನಾನು ಉತ್ತರಿಸಲಿಲ್ಲ. ಆಕೆಯೂ ಮತ್ತೆ ಕೇಳಲಿಲ್ಲ. ಹಾಳೆಯನ್ನು ಮಡಚಿ ನನ್ನ ಕೈಗೆ ಕೊಟ್ಟಳು.

ಧರ್ಮದ ಲೆಕ್ಕ ಇಲ್ಲಿ ಬಹಳ ಸರಳವಾಗಿತ್ತು. ಮಗನಿಗೆ ಎರಡು ಪಾಲು, ಮಗಳಿಗೆ ಒಂದು. ಮೂವರು ಗಂಡುಮಕ್ಕಳಿಗೆ ಆರು, ಇಬ್ಬರು ಹೆಣ್ಣುಮಕ್ಕಳಿಗೆ ಎರಡು, ಒಟ್ಟು ಎಂಟು. ಹೊಲವೂ ಎಂಟೇ ಎಕರೆ. ಭಾಗಾಕಾರದ ಶ್ರಮವೂ ಇರಲಿಲ್ಲ, ಒಬ್ಬೊಬ್ಬಳಿಗೆ ಒಂದೊಂದು ಎಕರೆ. ಐದು ಹೊತ್ತು ನಮಾಝ್ ಮಾಡುವ ಮನೆಯಲ್ಲಿ, ಗಣಿತ ಕಲಿಸುವ ಮೇಷ್ಟ್ರ ಮನೆಯಲ್ಲಿ ಈ ಲೆಕ್ಕ ತಪ್ಪಿತು. ಹೆಣ್ಣುಮಕ್ಕಳು ತಾವಾಗಿಯೇ ಬಿಟ್ಟುಕೊಟ್ಟಿದ್ದಾರೆ ಎಂದು ನಾವೆಲ್ಲ ಹೇಳುತ್ತೇವೆ. ಬಿಟ್ಟುಕೊಡುವುದಕ್ಕೆ ಮೊದಲು ಹೆಸರಾದರೂ ಹಾಳೆಯಲ್ಲಿರಬೇಕಲ್ಲವೇ? ತಂದೆ, ಚಿಕ್ಕಪ್ಪಂದಿರು ಹೋದ ಮೇಲೆ ನಾವು ಮೊಮ್ಮಕ್ಕಳು ಕೂಡಿ ಆ ಎರಡು ಎಕರೆಯನ್ನು ಇಬ್ಬರು ಫುಪ್ಪುಗಳ ಮಕ್ಕಳಿಗೆ ಬಿಟ್ಟುಕೊಟ್ಟೆವು. ಅದಕ್ಕಾಗಿ ಯಾರೂ ನಮ್ಮನ್ನು ಹೊಗಳಬೇಕಾಗಿಲ್ಲ. ಆ ಹೊತ್ತಿಗೆ ಬ್ಯಾಡಗಿಯ ಫುಪ್ಪು ಮಣ್ಣಾಗಿ ಆರು ವರ್ಷ ಕಳೆದಿತ್ತು.

ಆದ್ದರಿಂದ ಮಕ್ಕಳಿಗೆ ಪೂರ್ವಜರ ಕಥೆ ಹೇಳಿ ಎಂದು ನಾನು ಹೇಳುವಾಗ ಅದು ಚಳಿಗಾಲದ ಸಂಜೆಯ ಮನರಂಜನೆಯ ಮಾತಲ್ಲ. ಯಾರ ಹೆಸರು ಹೇಳುತ್ತೇವೆ, ಯಾರದನ್ನು ಬಿಡುತ್ತೇವೆ ಎಂಬುದರಲ್ಲಿ ಹಕ್ಕಿನ ಪ್ರಶ್ನೆಯಿದೆ. ಹೊರಗಿನ ಪ್ರಪಂಚವೂ ಈಗ ಈ ಪ್ರಶ್ನೆಯನ್ನೇ ಕೇಳುತ್ತಿದೆ. ಪಿಂಜಾರ, ನದಾಫ್ ಸಮುದಾಯವು ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿದೆ. ಶಾಲೆಯ ದಾಖಲೆಯಲ್ಲಿ ಬರೀ ಮುಸ್ಲಿಂ ಎಂದು ಬರೆಸಿದ ಮನೆಯವರು ಪ್ರಮಾಣಪತ್ರಕ್ಕಾಗಿ ಎಷ್ಟು ಅಲೆಯುತ್ತಾರೆಂಬುದು ಇಲ್ಲಿ ಕುಳಿತವರಿಗೆ ಗೊತ್ತು. 2025ರಲ್ಲಿ ಬಿಹಾರದಲ್ಲಿ ಮತದಾರರ ಪಟ್ಟಿಯ ಪರಿಷ್ಕರಣೆ ನಡೆದಾಗ 2003ರ ಪಟ್ಟಿಯಲ್ಲಿ ತಂದೆತಾಯಿಯರ ಹೆಸರನ್ನು ಹುಡುಕುತ್ತ ಬಡವರು ಪರದಾಡಿದರು. ಅಜ್ಜನ ಹೆಸರು ಒಂದು ಕಾಗದದಲ್ಲಿ ಹುಸೇನಸಾಬ, ಇನ್ನೊಂದರಲ್ಲಿ ಹುಸೇನಪ್ಪ, ಮತ್ತೊಂದರಲ್ಲಿ ಹುಸೇನಮಿಯಾ ಎಂದಿದ್ದರೆ ಮೂವರೂ ಒಬ್ಬನೇ ಎಂದು ಯಾರು ಸಾಕ್ಷಿ ಹೇಳಬೇಕು? ಬರೆದು ಕೊಟ್ಟವನಿಗೆ ಅದೊಂದು ಕೈತಪ್ಪು, ಹೊತ್ತವನಿಗೆ ಮೂರು ತಲೆಮಾರಿನ ತೊಡಕು.

ನೆರೆಯವರ ಸಂಗತಿಯೂ ಇದೆ. 2024ರ ಅಕ್ಟೋಬರ್ ಕೊನೆಯಲ್ಲಿ ಸವಣೂರು ತಾಲೂಕಿನ ಕಡಕೋಳದಲ್ಲಿ ವಕ್ಫ್ ಆಸ್ತಿಯ ಕುರಿತ ವದಂತಿಯಿಂದ ಒಂದೇ ರಾತ್ರಿಯಲ್ಲಿ ಮನೆಗಳ ಮೇಲೆ ಕಲ್ಲುಗಳು ಬಿದ್ದವು. ವದಂತಿ ಹಬ್ಬುವುದು ಪರಸ್ಪರರ ಮನೆಯ ಕಥೆ ತಿಳಿಯದಿದ್ದಲ್ಲಿ. ನನ್ನ ಅಜ್ಜ ಹಿಂಜಿದ ಗಾದಿಯ ಮೇಲೆ ಮಲಗಿ ಬೆಳೆದವರು ಈ ಸಭೆಯಲ್ಲಿ ಕುಳಿತಿದ್ದಾರೆ. ಹೆಳವ ಹೇಳಿದ ಗೌಡರ ವಂಶಾವಳಿಯಲ್ಲಿ ನಾಲ್ಕು ಹೆಸರು ನನಗೆ ಬಾಯಿಪಾಠ ಬರುತ್ತವೆ. ಅವರ ಮೊಮ್ಮಕ್ಕಳಿಗೆ ನನ್ನ ಅಜ್ಜನ ಹೆಸರು ಬರುತ್ತದೆಯೇ? ನನ್ನ ಮೊಮ್ಮಕ್ಕಳಿಗೇ ಬರುವುದಿಲ್ಲ. ಅವರನ್ನು ಹೇಗೆ ದೂರಲಿ?

ಹೇಗೆ ಆರಂಭಿಸುವುದು ಎಂದು ಯುವಕರು ಕೇಳುತ್ತಾರೆ. ಹಿರಿಯರನ್ನು ನೀವು ಎಷ್ಟರಲ್ಲಿ ಹುಟ್ಟಿದಿರಿ ಎಂದು ಕೇಳಬೇಡಿ, ಅವರು ಹೇಳಲಾರರು. ಆಗ ಊರಲ್ಲಿ ಏನು ನಡೆದಿತ್ತು ಎಂದು ಕೇಳಿ. ಎಪ್ಪತ್ತೆರಡರ ಬರಕ್ಕಿಂತ ಮುಂಚೆಯೋ ಆಮೇಲೋ? ಕರ್ನಾಟಕ ಒಂದಾದ 1956ರಲ್ಲಿ ಅಪ್ಪನ ಹೆಗಲ ಮೇಲಿದ್ದಿರೋ, ಶಾಲೆಗೆ ಹೋಗುತ್ತಿದ್ದಿರೋ? ರಜಾಕಾರರ ಗಲಾಟೆಯ ಸುದ್ದಿಯನ್ನು ಮನೆಯಲ್ಲಿ ಹೇಗೆ ಹೇಳುತ್ತಿದ್ದರು? ಅವರ ಅಜ್ಜಿ 1918ರ ಇನ್‌ಫ್ಲುಯೆಂಜಾದಲ್ಲಿ ಯಾರನ್ನು ಕಳೆದುಕೊಂಡರು? ಪ್ಲೇಗು ಬಂದಾಗ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದ ಮಾತು ಹಲವು ಮನೆಗಳಲ್ಲಿ ಇನ್ನೂ ಉಳಿದಿದೆ. ಶಾಲೆಯ ದಾಖಲಾತಿ ಪುಸ್ತಕ, ಜಮಾಅತ್‌ನ ನಿಕಾಹ್ ಪುಸ್ತಕ, ಹಳೆಯ ಉತಾರಗಳನ್ನು ನೋಡಿ. ಮುಂಬಯಿ ಪ್ರಾಂತದ ಕಾಲದ ಕೆಲವು ಕಾಗದಗಳು ಮೋಡಿ ಲಿಪಿಯಲ್ಲಿರುತ್ತವೆ. ಓದಲು ಬಾರದೆಂದು ಒಲೆಗೆ ಹಾಕಬೇಡಿ. ಕೇಳುವಾಗ ಮೊಬೈಲಿನಲ್ಲಿ ಧ್ವನಿ ತುಂಬಿಕೊಳ್ಳಿ. ತಾಯಿಯ ಕಡೆಯವರನ್ನು ಮೊದಲು ಕೇಳಿ. ತಂದೆಯ ಕಡೆಯದು ಹೇಗಾದರೂ ಎಲ್ಲೋ ಬರೆದಿರುತ್ತದೆ. ಕೆಟ್ಟದ್ದನ್ನೂ ಬರೆದುಕೊಳ್ಳಿ. ಸಾಲ, ಜಗಳ, ಓಡಿಹೋದವರು, ಕುಡಿದು ಹೊಲ ಕಳೆದವರು, ಎಲ್ಲರೂ ಇರಲಿ. ಬರೀ ಪುಣ್ಯವಂತರೇ ತುಂಬಿದ ವಂಶಾವಳಿಯನ್ನು ಮಕ್ಕಳು ನಂಬುವುದಿಲ್ಲ, ಅವರು ಬಹಳ ಜಾಣರು.

ನಾನು ಒಂದು ಹಾಳೆ ತಂದಿದ್ದೇನೆ. 1972ರಲ್ಲಿ ಬರೆದದ್ದನ್ನು ಅಲ್ಲ, ಹೋದ ತಿಂಗಳು ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊಸದಾಗಿ ಬರೆದದ್ದನ್ನು. ಅಜ್ಜನ ಪಕ್ಕದಲ್ಲಿ ಅಜ್ಜಿ ಇದ್ದಾಳೆ, ಕೆಳಗೆ ಐದು ಗೆರೆಗಳಿವೆ. ಬ್ಯಾಡಗಿಯ ಫುಪ್ಪುವಿನ ಹೆಸರನ್ನು ಮೊಮ್ಮಗನ ಕೈಯಿಂದಲೇ ಬರೆಸಿದೆ. ಮೇಲಿನ ತಲೆಮಾರಿನಲ್ಲಿ ಒಂದು ಜಾಗ ಖಾಲಿಯಿದೆ. ನನ್ನ ಅಜ್ಜನ ತಾಯಿಯದು. ಆಕೆ ಈ ಕುಪ್ಪೇಲೂರಿನ ಮಗಳು ಎಂಬುದಷ್ಟೇ ನನಗೆ ತಿಳಿದಿದೆ, ಹೆಸರು ತಿಳಿದಿಲ್ಲ. ಫಾತಿಹಾದ ಸಂಜೆಗಳಲ್ಲಿ ಅಜ್ಜಿ ಹೇಳುತ್ತಿದ್ದ ಹೆಸರುಗಳಲ್ಲಿ ಅದೂ ಇದ್ದಿರಬೇಕು, ನನ್ನ ಗಮನ ತಟ್ಟೆಯ ಮೇಲಿತ್ತು. ಈ ಹಾಳೆಯನ್ನು ಇಲ್ಲಿ ಮೇಜಿನ ಮೇಲೆ ಇಡುತ್ತೇನೆ, ಪೆನ್ನೂ ಇದೆ. ಊಟ ಮುಗಿಸಿ ಹೋಗುವಾಗ ಮನೆಯ ಹಿರಿಯ ಹೆಣ್ಣುಮಕ್ಕಳು ಒಮ್ಮೆ ನೋಡಿ ಹೋಗಬೇಕೆಂದು ಕೇಳಿಕೊಳ್ಳುತ್ತೇನೆ. ಯಾರಿಗಾದರೂ ನೆನಪಿದ್ದರೆ ಆ ಜಾಗದಲ್ಲಿ ಬರೆಯಿರಿ. ಬರೆಯಲು ಬಾರದವರು ಹೇಳಿದರೆ ಸಾಕು, ಮೊಮ್ಮಗ ಬರೆದುಕೊಳ್ಳುತ್ತಾನೆ.